ಈ ಅಂದರೆ ಊ ಅನ್ನುತ್ತಿದ್ದ ಯಂತ್ರ: ಕಾರವಾರದ ಒಂದು ಹಳೆಯ ವೊಕೋಡರ್ ರಿಪೇರಿ

ಆರಿದ್ರಾ ಮಳೆ ಹಿಡಿದಿತ್ತು. ಮಾಸ್ತರ್ರು ಕಾರವಾರದಿಂದ ಕುಮಟಾಕ್ಕೆ ಟೆಂಪೋ ಮಾಡಿಕೊಂಡು ಬಂದರು. ಹಳೆಯ ಚಾದರದಲ್ಲಿ ಸುತ್ತಿ, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಸಿ ತಂದ ಪೆಟ್ಟಿಗೆಯನ್ನು ಮಗುವಿನ ಹಾಗೆ ಮೇಜಿನ ಮೇಲೆ ಮಲಗಿಸಿದರು. "ತಮಾ, ಇದು ಒಂದು ಕಾಲಕ್ಕೆ ಮಾತಾಡ್ತಿತ್ತು" ಅಂದರು.

ನನ್ನ ಅಂಗಡಿಗೆ ಬರುವುದು ಹೆಚ್ಚಾಗಿ ಯಕ್ಷಗಾನದವರ ಆಂಪ್ಲಿಫೈಯರ್, ಭಜನಾ ಮಂಡಳಿಯ ಮಿಕ್ಸರ್, ಮದುವೆ ಮನೆಯ ಸ್ಪೀಕರ್. ವಾದ್ಯದ ನಾದಕ್ಕೆ ಮಾತಿನ ಉಚ್ಚಾರ ತೊಡಿಸುವ ವೊಕೋಡರ್ ಕೈಗೆ ಸಿಕ್ಕಿದ್ದು ಇದೇ ಮೊದಲು. ಹೆಸರು ಗೊತ್ತಿತ್ತು, ಸರ್ಕ್ಯೂಟ್ ಓದಿದ್ದೆ. ಕಣ್ಣೆದುರು ನೋಡಿರಲಿಲ್ಲ. ಹೀಗಾಗಿ ಬೇರೆ ಕೆಲಸ ಎಲ್ಲ ಬದಿಗಿಟ್ಟೆ.

ಮಾಸ್ತರ್ರು ಎಂಬತ್ತರ ದಶಕದಲ್ಲಿ ಶಾಲೆ ಮುಗಿಸಿ ಸಂಜೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಕಾರವಾರ, ಅಂಕೋಲಾದ ಗಣಪತಿ ಪೆಂಡಾಲು, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ, ಎಲ್ಲ ಕಡೆ ಹೋಗುತ್ತಿದ್ದರಂತೆ. ಅವರ ತಮ್ಮ ಹಡಗಿನಲ್ಲಿ ರೇಡಿಯೋ ಆಫೀಸರ್. ಆಗ ಯುರೋಪಿನ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳು ಮನೆಯಲ್ಲೇ ಕಟ್ಟಬಹುದಾದ ವೊಕೋಡರ್‌ಗಳ ಸರ್ಕ್ಯೂಟ್ ಅಚ್ಚು ಹಾಕುತ್ತಿದ್ದವು. ಎಲೆಕ್ಟರ್ ಪತ್ರಿಕೆ 1980ರಲ್ಲಿ 10 ಚಾನೆಲ್‌ನದ್ದೊಂದನ್ನು ಪ್ರಕಟಿಸಿತ್ತು. ತಮ್ಮ ಅಂಥದ್ದೇ ದಾರಿ ಹಿಡಿದು, ಬಂದರಿನಿಂದ ಬಂದರಿಗೆ ಬಿಡಿಭಾಗ ಕೂಡಿಸಿ, ರಜೆಗೆ ಊರಿಗೆ ಬಂದಾಗೆಲ್ಲ ಸದಾಶಿವಗಡದ ಮನೆಯ ಜಗಲಿಯಲ್ಲಿ ಕೂತು ಇದನ್ನು ಕಟ್ಟಿದ್ದರು. ತಮ್ಮ ಈಗ ಇಲ್ಲ. ಪೆಟ್ಟಿಗೆ ಅಟ್ಟದ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇತ್ತು.

ಮುಚ್ಚಳ ತೆಗೆದಾಗ ಮೊದಲು ಕಂಡಿದ್ದು ಕುಂಬಾರ ಹುಳದ ಗೂಡು. ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆಯಲ್ಲಿ ಮುಷ್ಟಿಯಷ್ಟು ಮಣ್ಣು, ಗಟ್ಟಿ ಇಟ್ಟಿಗೆಯ ಹಾಗೆ. ಅದರ ಕೆಳಗೆ ಹಲ್ಲಿ ಮೊಟ್ಟೆಯ ಬಿಳಿ ಚಿಪ್ಪು. ತಾಮ್ರ ಇದ್ದಲ್ಲೆಲ್ಲ ಹಸಿರು ಕಿಲುಬು, ಕಬ್ಬಿಣ ಇದ್ದಲ್ಲೆಲ್ಲ ತುಕ್ಕು. ಸಮುದ್ರದಿಂದ ಒಂದು ಫರ್ಲಾಂಗು ದೂರದ ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಸಾಯುವುದೇ ಹೀಗೆ. ಉಪ್ಪು ಗಾಳಿ ಬಂದು ಕೂರುತ್ತದೆ, ಮಳೆಗಾಲದ ಥಂಡಿ ಆ ಉಪ್ಪನ್ನು ಒದ್ದೆ ಮಾಡುತ್ತದೆ, ಉಳಿದದ್ದು ತಾನಾಗಿ ನಡೆಯುತ್ತದೆ.

ಒಳಗಿನ ಜೋಡಣೆ ಮಾತ್ರ ಚಂದ. 19 ಇಂಚಿನ ರ‍್ಯಾಕ್ ಪೆಟ್ಟಿಗೆ. ತಳದಲ್ಲಿ ಒಂದು ತಾಯಿ ಬೋರ್ಡು, ಅದರ ಮೇಲೆ ಪುಸ್ತಕದ ಕಪಾಟಿನ ಹಾಗೆ ಸಾಲಾಗಿ ನಿಂತ 10 ಕಾರ್ಡುಗಳು. ಎಂಟನೆಯ ಮತ್ತು ಒಂಬತ್ತನೆಯ ಕಾರ್ಡಿನ ನಡುವೆ ಒಂದು ಸ್ಲಾಟ್ ಖಾಲಿ. ಅದರ ಪಕ್ಕ ಪೆನ್ಸಿಲ್‌ನಲ್ಲಿ ಏನೋ ಗೀಚಿದ್ದು ಕಾಣುತ್ತಿತ್ತು, ಕಿಲುಬು ಮುಚ್ಚಿ ಓದಲಾಗಲಿಲ್ಲ. ಮುಂದಿನ ಪ್ಯಾನೆಲ್‌ನಲ್ಲಿ 10 ಸ್ಲೈಡರ್, ಮೈಕ್‌ಗೆ ಒಂದು ಜಾಕ್, ವಾದ್ಯಕ್ಕೆ ಒಂದು ಜಾಕ್.

ಈ ಎರಡು ಜಾಕ್‌ಗಳಲ್ಲೇ ವೊಕೋಡರ್‌ನ ಗುಟ್ಟು ಇರುವುದು. ಒಂದರಲ್ಲಿ ಮಾತು ಹೋಗುತ್ತದೆ, ಇನ್ನೊಂದರಲ್ಲಿ ವಾದ್ಯದ ನಾದ. ಯಂತ್ರ ಮಾತನ್ನು ಕೇಳಿ, ಯಾವ ಕ್ಷಣದಲ್ಲಿ ಯಾವ ಕಂಪನದ ಪಟ್ಟಿಯಲ್ಲಿ ಎಷ್ಟು ಜೋರಿದೆ ಎಂದು 10 ಭಾಗ ಮಾಡಿ ಅಳೆಯುತ್ತದೆ, ಒಂದೊಂದು ಭಾಗಕ್ಕೆ ಒಂದೊಂದು ಕಾರ್ಡು. ವಾದ್ಯದ ನಾದವನ್ನೂ ಅದೇ 10 ಭಾಗ ಮಾಡುತ್ತದೆ. ಆಮೇಲೆ ಮಾತಿನ ಅಳತೆಯಂತೆ ವಾದ್ಯದ ಒಂದೊಂದು ಭಾಗವನ್ನು ಏರಿಸುತ್ತದೆ, ಇಳಿಸುತ್ತದೆ. ಹೊರಗೆ ಬರುವುದು ವಾದ್ಯದ ಸ್ವರವೇ, ಆದರೆ ನಮ್ಮ ಬಾಯಿಯ ಆಕಾರ ತೊಟ್ಟುಕೊಂಡು ಬರುತ್ತದೆ.

ಇದು ಹುಟ್ಟಿದ್ದು ಸಂಗೀತಕ್ಕಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ 1920ರ ದಶಕದ ಕೊನೆಯಲ್ಲಿ ಟೆಲಿಫೋನ್ ತಂತಿಯಲ್ಲಿ ಮಾತನ್ನು ಕಿರಿದು ಮಾಡಿ ಕಳಿಸಲಿಕ್ಕೆ ಇದರ ಹಿಂದೆ ಬಿದ್ದರು. ಎರಡನೇ ಮಹಾಯುದ್ಧದಲ್ಲಿ, 1943ರಿಂದ, ವಾಷಿಂಗ್ಟನ್ ಮತ್ತು ಲಂಡನ್ ನಡುವಿನ ಗುಟ್ಟಿನ ಮಾತುಕತೆ ಸಿಗ್ಸಲಿ ಎಂಬ ವ್ಯವಸ್ಥೆಯಲ್ಲಿ ನಡೆಯಿತು. ಅದರೊಳಗಿದ್ದದ್ದೂ ವೊಕೋಡರೇ, ಅದೂ ಮಾತನ್ನು 10 ಪಟ್ಟಿ ಮಾಡುತ್ತಿತ್ತು. ಒಂದು ಕೋಣೆ ತುಂಬುವ ಯಂತ್ರ ಅದು. ಎಪ್ಪತ್ತರ ದಶಕದ ಕೊನೆಗೆ ಸಂಗೀತಗಾರರ ರ‍್ಯಾಕ್‌ಗೆ ಹೊಂದುವ ಅಳತೆಗೆ ಇಳಿಯಿತು. ರೋಲ್ಯಾಂಡ್‌ನ ಎಸ್‌ವಿಸಿ-350 ಆ ಕಾಲದ್ದು.

ಅಂಗಡಿಗೆ ಬಂದ ಹುಡುಗರೆಲ್ಲ "ಇದು ಆಟೋಟ್ಯೂನಾ ಅಣ್ಣಾ?" ಅಂತ ಕೇಳಿದರು. ಅಲ್ಲ. ಆಟೋಟ್ಯೂನ್ 1997ರಲ್ಲಿ ಬಂದ ಸಾಫ್ಟ್‌ವೇರ್, ಹಾಡಿದ ಸ್ವರವನ್ನೇ ಹಿಡಿದು ಸರಿಯಾದ ಶ್ರುತಿಗೆ ಎಳೆಯುತ್ತದೆ. 1975ರ ಈವೆಂಟೈಡ್ ಎಚ್910ನಂಥ ಹಾರ್ಮೊನೈಸರ್ ದನಿಯನ್ನೇ ಮೇಲೆ ಕೆಳಗೆ ಸರಿಸುತ್ತದೆ. ಎರಡರಲ್ಲೂ ಕೇಳುವುದು ಹಾಡಿದವರ ಕಂಠ. ವೊಕೋಡರ್‌ನಲ್ಲಿ ಕಂಠ ಹೊರಗೇ ಉಳಿಯುತ್ತದೆ, ಉಚ್ಚಾರ ಮಾತ್ರ ಒಳಗೆ ಹೋಗುತ್ತದೆ.

ಸರಿ, ಕೆಲಸಕ್ಕೆ ಬರುತ್ತೇನೆ.

ಮೊದಲ ಎರಡು ದಿನ ಬರೀ ಸ್ವಚ್ಛ ಮಾಡಿದೆ. ಗೂಡಿನ ಮಣ್ಣನ್ನು ಒದ್ದೆ ಮಾಡದೆ ಬಿದಿರು ಕಡ್ಡಿಯಿಂದ ಪುಡಿ ಮಾಡಿ ತೆಗೆದೆ. ಕಾರ್ಡುಗಳಿಗೆ ನಂಬರ್ ಚೀಟಿ ಅಂಟಿಸಿ ಒಂದೊಂದಾಗಿ ಎಳೆದೆ. ಬ್ರಷ್ ಹಾಕಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದೆ, ಸಾದಾ ಬಲ್ಬಿನ ಬಿಸಿಗೆ ಒಣಗಿಸಿದೆ. ನಮ್ಮ ಜೂನ್ ತಿಂಗಳಲ್ಲಿ ಗಾಳಿಗೆ ಇಟ್ಟರೆ ಏನೂ ಒಣಗುವುದಿಲ್ಲ, ಅಲ್ವಾ.

ಫ್ಯೂಸ್ ತೆಗೆದು ನೋಡಿದರೆ ಗಾಜಿನ ಕೊಳವೆ ಸುಟ್ಟು ಕಪ್ಪಾಗಿತ್ತು. ಯಾರೋ ಅದರ ಮೇಲೆ ತಾಮ್ರದ ಎಳೆ ಸುತ್ತಿದ್ದರು. ಆ ಎಳೆಯೂ ಸುಟ್ಟಿತ್ತು. ಅಂದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಇಂಥದ್ದಕ್ಕೆ ನೇರ ಕರೆಂಟ್ ಕೊಡಲೇಬಾರದು. ನಮ್ಮಲ್ಲಿ ಎಲ್ಲ ರಿಪೇರಿ ಅಂಗಡಿಯಲ್ಲೂ ಇರುವ ಸೀರೀಸ್ ಬಲ್ಬ್ ಸಾಕು. ಕರೆಂಟ್ 100 ವ್ಯಾಟ್ ಬಲ್ಬಿನ ಮೂಲಕ ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ.

ಬಲ್ಬ್ ಪೂರ್ತಿ ಉರಿಯಿತು. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ, ಅಂದರೆ ಹೊರಹೋಗುವ ಕಡೆಯ ತಂತಿ ಬಿಚ್ಚಿದೆ, ಮಂಕಾಯಿತು. ಟ್ರಾನ್ಸ್‌ಫಾರ್ಮರ್ ಬದುಕಿದೆ ಅಂತ ಸಮಾಧಾನ. 18-0-18 ವೋಲ್ಟಿನದು, ಇವತ್ತು ಹೊಸದು ಸುತ್ತಿಸಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಬ್ರಿಜ್ ಡಯೋಡ್ ಸರಿ, ದೊಡ್ಡ ಕೆಪಾಸಿಟರ್‌ಗಳಲ್ಲೂ ಶಾರ್ಟ್ ಇಲ್ಲ. ಮೀಟರ್ ಹಿಡಿದು ಹುಡುಕುತ್ತಾ ಹೋದಾಗ ಮೈನಸ್ ಲೈನು ಪೆಟ್ಟಿಗೆಯ ತಗಡಿಗೇ ತಾಗಿರುವುದು ಗೊತ್ತಾಯಿತು. ಸೊನ್ನೆ ಓಮ್.

ಇಲ್ಲಿ ಒಂದು ಮಾತು, ಹೊಸಬರಿಗೆ ಉಪಯೋಗ ಆಗಬಹುದು. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ 7815 ಮತ್ತು 7915 ರೆಗ್ಯುಲೇಟರ್‌ಗಳು ನೋಡಲು ಅವಳಿ ಮಕ್ಕಳ ಹಾಗೆ. ಒಂದು ಪ್ಲಸ್ 15 ವೋಲ್ಟ್ ಕೊಡುತ್ತದೆ, ಇನ್ನೊಂದು ಮೈನಸ್ 15. ಆದರೆ 7815ರ ಲೋಹದ ಬೆನ್ನು ಗ್ರೌಂಡಿಗೆ ಸೇರಿರುತ್ತದೆ, ಅದನ್ನು ತಗಡಿಗೆ ನೇರ ಬಿಗಿದರೂ ತೊಂದರೆ ಇಲ್ಲ. 7915ರ ಬೆನ್ನು ಅದರ ಇನ್‌ಪುಟ್‌ಗೆ ಸೇರಿರುತ್ತದೆ. ಈ ಪೆಟ್ಟಿಗೆಯಲ್ಲಿ ಅಂದರೆ ಮೈನಸ್ 25 ವೋಲ್ಟ್. ಹೀಗಾಗಿ ನಡುವೆ ಅಭ್ರಕದ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಬೇಕೇ ಬೇಕು. ಮಾಸ್ತರ್ರ ತಮ್ಮ ಎರಡನ್ನೂ ಹಾಕಿದ್ದರು. ನಲವತ್ತು ವರ್ಷದಲ್ಲಿ ಬುಷ್ ಸೀಳಿ ಸ್ಕ್ರೂ ತಗಡು ಮುಟ್ಟಿತ್ತು. ಐದು ರೂಪಾಯಿಯ ವಸ್ತು. ಹೊಸ ಅಭ್ರಕ, ಹೊಸ ಬುಷ್, ಹೊಸ ಬಿಳಿ ಪೇಸ್ಟ್. ಕೈ ಹಾಕಿದ ಮೇಲೆ ಇರಲಿ ಅಂತ 2200 ಮೈಕ್ರೊಫ್ಯಾರಡ್‌ನ ಎರಡೂ ಕೆಪಾಸಿಟರ್ ಬದಲಿಸಿದೆ.

ಈ ಸಲ ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಪ್ಲಸ್ 15.1, ಮೈನಸ್ 14.9. ಒಂದೊಂದೇ ಕಾರ್ಡು ಸೇರಿಸುತ್ತಾ, ಪ್ರತಿ ಸಲ ಐಸಿಗಳನ್ನು (ಚಿಪ್‌ಗಳನ್ನು) ಬೆರಳಿಂದ ಮುಟ್ಟಿ ಬಿಸಿ ನೋಡುತ್ತಾ ಬಂದೆ. ಯಾವುದೂ ಬಿಸಿಯಾಗಲಿಲ್ಲ.

ಮೈಕ್ ಜಾಕ್‌ಗೆ ಒಂದು ಸಾದಾ ಮೈಕ್. ವಾದ್ಯದ ಜಾಕ್‌ಗೆ ಏನು ಹಾಕುವುದು? ಅಂಗಡಿಯಲ್ಲಿ ರಿಪೇರಿಗೆ ಬಂದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇತ್ತು. ಅದನ್ನೇ ಹಾಕಿದೆ, ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ) ಇಟ್ಟೆ. ಮೈಕ್ ಹಿಡಿದು "ನಮಸ್ಕಾರ" ಅಂದೆ.

ಶ್ರುತಿ ಪೆಟ್ಟಿಗೆ "ನಮಕಾರ" ಅಂದಿತು.

ಮೈ ಜುಂ ಅಂದಿತು. ಸ ಬರಲಿಲ್ಲ, ನಿಜ. ಆದರೂ ಇಪ್ಪತ್ತು ವರ್ಷ ಅಟ್ಟದಲ್ಲಿ ಬಿದ್ದಿದ್ದ ಪೆಟ್ಟಿಗೆ ಬಾಯಿ ಬಿಟ್ಟಿತ್ತು. ರಾತ್ರಿ ಹತ್ತರ ತನಕ ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಆಗ ಗೊತ್ತಾಯಿತು, ಕೆಲವು ಶಬ್ದ ಸರಿ ಬರುತ್ತವೆ, ಕೆಲವು ಪೂರಾ ಬದಲಾಗುತ್ತವೆ. "ಹಾಲು" ಸರಿ. "ಕೋಳಿ" ಕೋಲು ಆಗುತ್ತದೆ. "ನೀರು" ನೂರು ಆಗುತ್ತದೆ. "ಮೀನು" ಅಂದರೆ "ಮೂನು". ಮೀನು ಅನ್ನಲು ಬರದ ಯಂತ್ರವನ್ನು ಕಾರವಾರಕ್ಕೆ ಹೇಗೆ ವಾಪಸ್ ಕಳಿಸಲಿ?

ಮರುದಿನ ಬೆಳಿಗ್ಗೆ ಎಂಟನೆಯ ಕಾರ್ಡನ್ನು ಹೊರಗೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಪೆನ್ಸಿಲ್ ಅಕ್ಷರ ಕಂಡಿತು. "2400", ಅದರ ಪಕ್ಕ ಕನ್ನಡದಲ್ಲಿ "ಈ".

ಉಳಿದ ಕಾರ್ಡುಗಳನ್ನೂ ಎಳೆದೆ. ಎಲ್ಲದರಲ್ಲೂ ಇತ್ತು. 800ರ ಕಾರ್ಡಿನಲ್ಲಿ "ಊ", 1150ರದರಲ್ಲಿ "ಆ", 1700ರದರಲ್ಲಿ "ಏ". ಕೊನೆಯದು 4500ರ ಮೇಲಿನ ಎಲ್ಲ ಕಂಪನಕ್ಕೆ, ಅಲ್ಲಿ "ಸ, ಶ". ಮಾಸ್ತರ್ರ ತಮ್ಮ ಆವರ್ತನದ ಅಂಕಿಯನ್ನು ನಮ್ಮ ವರ್ಣಮಾಲೆಗೆ ತಾಳೆ ಹಾಕಿ ಇಟ್ಟಿದ್ದರು. ನಾನು ಆ ಕಾರ್ಡು ಹಿಡಿದುಕೊಂಡು ಸುಮಾರು ಹೊತ್ತು ಸುಮ್ನೆ ಕೂತೆ.

ಅದು ಯಾಕೆ ಸರಿ ಅಂತ ಹೇಳುತ್ತೇನೆ. ಸ್ವರ ಹೇಳುವಾಗ ಗಂಟಲಿನಿಂದ ಬರುವ ನಾದ ಒಂದೇ. ನಾಲಿಗೆ, ತುಟಿ ಬಾಯಿಯ ಗುಹೆಯ ಆಕಾರ ಬದಲಿಸುತ್ತವೆ. ಆ ಗುಹೆ ಕೆಲವು ಕಂಪನಗಳನ್ನು ಎತ್ತಿ ಕೊಡುತ್ತದೆ. ಈ ಅನ್ನುವಾಗ ಒಂದು ಎತ್ತರ 300 ಹರ್ಟ್ಜ್ (ಸೆಕೆಂಡಿಗೆ 300 ಕಂಪನ) ಹತ್ತಿರ, ಇನ್ನೊಂದು 2300ರ ಹತ್ತಿರ. ಊ ಅನ್ನುವಾಗ ಕೆಳಗಿನದು ಅದೇ 300ರ ಹತ್ತಿರ, ಮೇಲಿನದು 800ರ ಹತ್ತಿರ. ಗಂಡಸರ ದನಿಯಲ್ಲಿ ಸುಮಾರಾಗಿ ಇಷ್ಟು. ಎರಡಕ್ಕೂ ಕೆಳಗಿನ ಕಾಲು ಒಂದೇ, ಮೇಲಿನ ಕಾಲು ಮಾತ್ರ ಬೇರೆ. 2400ರ ಕಾರ್ಡು ಸತ್ತರೆ ಈ ಅಕ್ಷರ ಮೇಲಿನ ಕಾಲು ಕಳೆದುಕೊಳ್ಳುತ್ತದೆ. ಉಳಿದದ್ದು ಕಿವಿಗೆ ಊ ಅಂತಲೇ ಕೇಳುತ್ತದೆ. ಅಂದರೆ ಸಾವಿರಾರು ರೂಪಾಯಿಯ ಅನಲೈಸರ್ ಬೇಡ. ಅ ಆ ಇ ಈ ಹೇಳುತ್ತಾ ಹೋದರೆ ಯಾವ ಕಾರ್ಡು ಕೆಟ್ಟಿದೆ ಎಂದು ಯಂತ್ರವೇ ಹೇಳುತ್ತದೆ. ಒಂದನೇ ತರಗತಿಯ ಪಾಠ ರಿಪೇರಿಗೆ ಇಷ್ಟು ನೇರ ಉಪಯೋಗ ಬಿದ್ದದ್ದು ನನ್ನ ಇಷ್ಟು ವರ್ಷದಲ್ಲಿ ಇದೇ ಮೊದಲು.

ಆ ದಿನ ಸ್ಲಾಟ್‌ಗಳ ಮುಂದೆ ಕೂತು ಸ್ವರಗಳನ್ನು ನಿಧಾನ ಹೇಳಿದೆ, ಬರೆದುಕೊಂಡೆ. ಆ ಚೊಕ್ಕ. ಊ, ಓ ಚೊಕ್ಕ. ಏ ಇದೆ, ಆದರೆ ಸೊರಗಿದೆ. ಈ ಇಲ್ಲವೇ ಇಲ್ಲ. ಸ, ಶ, ಷ ಮೂರೂ ಇಲ್ಲ. ಅಂದರೆ ಏಳನೆಯದು ಬಡಕಲು, ಎಂಟನೆಯದು ಮತ್ತು ಹತ್ತನೆಯದು ಸತ್ತಿವೆ.

ಹತ್ತನೆಯದು ಸುಲಭದಲ್ಲಿ ಮುಗಿಯಿತು. ಕಾರ್ಡಿನ ಅಂಚಿನ ಕನೆಕ್ಟರ್ ಬೆರಳುಗಳಲ್ಲಿ ಎರಡು ಕಪ್ಪಾಗಿದ್ದವು. ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಆಲ್ಕೋಹಾಲ್‌ನಲ್ಲಿ ಒರೆಸಿ ಹಾಕಿದೆ. ಬಂತು. ಏಳನೆಯದರಲ್ಲಿ ಒಂದು 22 ಕೆ ರೆಸಿಸ್ಟರ್ 90 ಕೆ ತೋರಿಸುತ್ತಿತ್ತು. ಉಪ್ಪು ಅದರ ಕಾಲನ್ನು ಬುಡದಲ್ಲೇ ತಿಂದಿತ್ತು. ಬದಲಿಸಿದೆ.

ಎಂಟನೆಯದು ಮೂರು ವಾರ ತೆಗೆದುಕೊಂಡಿತು.

ಮೊದಲು ಎಂಟನೇ ಕಾರ್ಡನ್ನು ಐದನೇ ಸ್ಲಾಟ್‌ಗೆ ಹಾಕಿದೆ, ಅಲ್ಲೂ ಮೂಕ. ದೋಷ ಕಾರ್ಡಿನದೇ, ಸ್ಲಾಟಿನದಲ್ಲ. ಪ್ರತಿ ಕಾರ್ಡಿನಲ್ಲಿ ಎರಡು ಅರ್ಧ ಇವೆ. ಒಂದು ಅರ್ಧ ಮಾತನ್ನು ಅಳೆಯುತ್ತದೆ, ಇನ್ನೊಂದು ಅರ್ಧ ವಾದ್ಯವನ್ನು ಏರಿಸಿ ಇಳಿಸುತ್ತದೆ. ಫೋನಿನ ಟೋನ್ ಆ್ಯಪ್‌ನಿಂದ ಮೈಕ್ ಜಾಕ್‌ಗೆ 2400 ಹರ್ಟ್ಜ್ ಕೊಟ್ಟೆ. ಅಳೆಯುವ ಅರ್ಧದ ಕೊನೆಯಲ್ಲಿ 2 ವೋಲ್ಟ್ ಬಂತು, ಟೋನ್ ನಿಲ್ಲಿಸಿದರೆ ಸೊನ್ನೆಗೆ ಇಳಿಯಿತು. ಅಳತೆ ಸರಿ. ಹಾಗಾದರೆ ಏರಿಸಿ ಇಳಿಸುವವನ ಕಡೆ ನೋಡಬೇಕು.

ಅವನ ಹೆಸರು ಸಿಎ3080. ಆರ್‌ಸಿಎ ಕಂಪನಿ ಹುಟ್ಟಿಸಿದ ಎಂಟು ಕಾಲಿನ ಐಸಿ. ಆ ಕಾಲದ ಸಿಂಥಸೈಜರ್ ತುಂಬ ಇದೇ. ಐದನೇ ಕಾಲಿಗೆ ಎಷ್ಟು ಕರೆಂಟ್ ಬಿಡುತ್ತೇವೋ ಅಷ್ಟು ಗೇನ್, ಅಂದರೆ ಏರಿಕೆ ಕೊಡುತ್ತದೆ. ಸರಿ ಇರುವ ಐಸಿಯಲ್ಲಿ ಆ ಕಾಲು ಮೈನಸ್ ಸಪ್ಲೈಗಿಂತ ಒಂದು ಡಯೋಡಿನಷ್ಟು ಮಾತ್ರ ಮೇಲಿರುತ್ತದೆ. ಇಲ್ಲಿ ಅಂದರೆ ಮೈನಸ್ 14.3ರ ಹತ್ತಿರ. ಪಕ್ಕದ ಕಾರ್ಡುಗಳಲ್ಲಿ ಹಾಗೇ ಇತ್ತು. ಎಂಟನೆಯದರಲ್ಲಿ ಮೀಟರ್ ಪ್ಲಸ್ ತೋರಿಸಿತು, ಮಾತಾಡಿದರೆ ಇನ್ನೂ ಏರಿತು. ಕರೆಂಟ್ ಒಳಗೆ ಹೋಗಲು ದಾರಿಯೇ ಇಲ್ಲ. ಐಸಿ ಒಳಗೇ ತುಂಡಾಗಿದೆ.

ಸಿಎ3080 ತಯಾರಾಗುವುದು ನಿಂತು ವರ್ಷಗಳಾದವು. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಐದು ತರಿಸಿದೆ. ಮಳೆಗೆ ರೈಲು, ರಸ್ತೆ ಎಲ್ಲ ತಡ, ಹತ್ತು ದಿನ ಕಾದೆ. ಒಂದೂ ಕೆಲಸ ಮಾಡಲಿಲ್ಲ. ಅನುಮಾನ ಬಂದು ಹತ್ತಿಯಲ್ಲಿ ಅಸಿಟೋನ್ ಅದ್ದಿ ಒರೆಸಿದೆ. ಹೆಸರು ಹತ್ತಿಗೆ ಬಂತು, ಕೆಳಗೆ ಉಜ್ಜಿದ ಗೀರುಗಳು ಕಂಡವು. ಬೇರೆ ಯಾವುದೋ ಐಸಿಯ ಮೇಲ್ಮೈ ಕೆರೆದು ಈ ಹೆಸರು ಅಚ್ಚು ಹೊಡೆದಿದ್ದರು. ತಯಾರಿ ನಿಂತ ಐಸಿ ಕೊಳ್ಳುವವರು ಇದೊಂದು ಪರೀಕ್ಷೆ ಮಾಡಿಯೇ ಬೋರ್ಡಿಗೆ ಹಾಕಿ. ನನಗೆ ದುಡ್ಡಿಗಿಂತ ಆ ಹತ್ತು ದಿನ ಹೋದದ್ದಕ್ಕೆ ಬೇಜಾರಾಯಿತು.

ಕೊನೆಗೆ ಎಲ್ಎಂ13700ಗೆ ಬಂದೆ. ಇದು ಈಗಲೂ ಸಿಗುತ್ತದೆ. ಒಂದೇ ಪೊಟ್ಟಣದಲ್ಲಿ ಅದೇ ಜಾತಿಯ ಎರಡು ಆಂಪ್ಲಿಫೈಯರ್ ಇವೆ, ನಮಗೆ ಒಂದು ಸಾಕು. ಕಾಲುಗಳು ಮಾತ್ರ ಬೇರೆ ಬೇರೆ ಕಡೆ. ಹೆಬ್ಬೆರಳಿನಷ್ಟು ವೆರೊಬೋರ್ಡ್ (ತೂತು ಮತ್ತು ತಾಮ್ರದ ಪಟ್ಟಿ ಇರುವ ಹಲಗೆ) ತುಂಡಿನ ಮೇಲೆ 13700 ಕೂರಿಸಿ, ಕೆಳಗೆ ಎಂಟು ಕಾಲು ಇಳಿಬಿಟ್ಟು ಹಳೆಯ ಸಾಕೆಟ್‌ಗೆ ಹೊಂದಿಸಿದೆ. ಹಳೆಯದರ 2ನೇ ಕಾಲು ಹೊಸದರ 4ನೇ ಕಾಲಿಗೆ, 3 ಅದೇ 3ಕ್ಕೆ, 4 ಹೋಗಿ 6ಕ್ಕೆ, 5 ಹೋಗಿ 1ಕ್ಕೆ, 6 ಹೋಗಿ 5ಕ್ಕೆ, 7 ಹೋಗಿ 11ಕ್ಕೆ. 13700ರ ಒಳಗಿರುವ ಡಯೋಡ್ ಮತ್ತು ಬಫರ್ ಕಾಲುಗಳನ್ನು ಮುಟ್ಟದೆ ಬಿಟ್ಟೆ. ಐದನೇ ಕಾಲಿನ ದಾರಿಯಲ್ಲಿ ರೆಸಿಸ್ಟರ್ ಇದೆಯೇ ಎಂದು ಎರಡು ಸಲ ನೋಡಿಕೊಂಡೆ. ಈ ಜಾತಿಯ ಐಸಿಗೆ ಅಲ್ಲಿ 2 ಮಿಲಿಆಂಪಿಯರ್ ಮಿತಿ. ದಾಟಿದರೆ ಸುಡುತ್ತದೆ.

ಹಾಕಿದೆ. ಮೈಕ್ ಹಿಡಿದೆ. "ಮೀನು."

ಶ್ರುತಿ ಪೆಟ್ಟಿಗೆ ಮೀನು ಅಂದಿತು. ಪಕ್ಕದ ಬೇಕರಿಯ ಹುಡುಗ ಹೊರಗಿನಿಂದ "ಹಾಂ, ಮೀನು ಅಂತ!" ಅಂತ ಕೂಗಿದ. ನನ್ನ ಕಿವಿಯ ಮೇಲೆ ನನಗಿದ್ದ ಅನುಮಾನ ಹೋಯಿತು.

ಆಮೇಲೆ ಉಳಿದದ್ದು ಹದ ಮಾಡುವ ಕೆಲಸ. ಪ್ರತಿ ಕಾರ್ಡಿನಲ್ಲಿ ಒಂದು ಪುಟ್ಟ ಟ್ರಿಮ್ಮರ್ ಇದೆ. ವಾದ್ಯದ ಜಾಕ್ ಖಾಲಿ ಇಟ್ಟು ಮೈಕ್‌ನಲ್ಲಿ "ಪ ಪ ಪ" ಅನ್ನಬೇಕು. ವಾದ್ಯ ಇಲ್ಲ ಅಂದ ಮೇಲೆ ಸ್ಪೀಕರ್ ಸುಮ್ಮನಿರಬೇಕು. ಟ್ರಿಮ್ಮರ್ ತಪ್ಪಿದ್ದರೆ ಪ್ರತಿ ಪ ಅಕ್ಷರಕ್ಕೂ "ದಬ್" ಅಂತ ಗುದ್ದು ಬರುತ್ತದೆ. ಹೊಸ ಐಸಿಯ ಕಾರ್ಡಿನಲ್ಲಿ ಗುದ್ದು ಜೋರಿತ್ತು. ಉಗುರಿನ ತುದಿಯಷ್ಟು ತಿರುಗಿಸಿ, ಪ ಅಂದು, ಮತ್ತೆ ತಿರುಗಿಸಿ, ಹಾಗೆ ಅರ್ಧ ಗಂಟೆ. ಗುದ್ದು ಸದ್ದಿಲ್ಲದೆ ಕರಗಿದ ಕ್ಷಣ ಚೆನ್ನಾಗಿ ಗೊತ್ತಾಗುತ್ತದೆ.

ನುಡಿಸುವವರಿಗೆ ಇಲ್ಲೇ ಒಂದೆರಡು ಮಾತು ಹೇಳಿಬಿಡುತ್ತೇನೆ. ಶ್ರುತಿ ಕೆಳಗಿದ್ದಷ್ಟು ಮಾತು ಸ್ಪಷ್ಟ. ಮಂದ್ರದ ಕಪ್ಪು ಒಂದು ಅಂದರೆ ಸುಮಾರು 139 ಹರ್ಟ್ಜ್. ಅದರ ಉಪಸ್ವರಗಳು (ಮೂಲ ನಾದದ ಎರಡು ಪಟ್ಟು, ಮೂರು ಪಟ್ಟಿನ ಕಂಪನಗಳು) 139ಕ್ಕೊಂದರಂತೆ ಒತ್ತಾಗಿ ಬರುತ್ತವೆ, 10 ಕಾರ್ಡಿನಲ್ಲಿ ಯಾವುದೂ ಉಪವಾಸ ಇರುವುದಿಲ್ಲ. ಅದೇ ತಾರದಲ್ಲಿ ಒಂದೇ ಸ್ವರ ಹಿಡಿದರೆ ಉಪಸ್ವರಗಳು ದೂರ ದೂರ ನಿಲ್ಲುತ್ತವೆ, ಕೆಳಗಿನ ಕೆಲವು ಕಾರ್ಡಿಗೆ ಏನೂ ಸಿಗುವುದಿಲ್ಲ. ಮಾತು ಹೇಗೆ ಬರಬೇಕು? ಕೊಳಲಿನ ನಾದ ಇದಕ್ಕೆ ಆಗದು, ತೀರಾ ನುಣುಪು. ಹಾರ್ಮೋನಿಯಂ ಬಹಳ ಒಳ್ಳೆಯದು, ಲೋಹದ ರೀಡಿನ ನಾದದಲ್ಲಿ ಉಪಸ್ವರ ತುಂಬಿರುತ್ತವೆ. ಚಂಡೆಯನ್ನೂ ಹಾಕಿ ನೋಡಿದೆ. ಪೆಟ್ಟು ಬಿದ್ದಾಗ ಮಾತ್ರ ಅಕ್ಷರ, ನಡುವೆ ಮೌನ. ತಾಳಕ್ಕೆ ಸರಿಯಾಗಿ ಅಕ್ಷರ ಕೂರಿಸಿ ಹೇಳಿದರೆ ಚಂಡೆಯೇ ಬಿಡ್ತಿಗೆ (ಯಕ್ಷಗಾನದ ತಾಳದ ನುಡಿಕಟ್ಟು) ಹೇಳಿದಂತೆ ಆಗುತ್ತದೆ. ಇದನ್ನು ಯಾರಾದರೂ ಭಾಗವತರು ಕೂತು ಪ್ರಯೋಗ ಮಾಡಬೇಕು ಅಂತ ನನಗೆ ಬಹಳ ಆಸೆ.

ಹಾಡುವ ದನಿ ಬೇಡ, ಮಾತಾಡುವ ದನಿ ಸಾಕು. ವ್ಯಂಜನ ಮಾತ್ರ ಒತ್ತಿ ಹೇಳಬೇಕು. ಸ, ಶಗಳಿಗೆ ವಾದ್ಯದಲ್ಲಿ 4500ರ ಮೇಲೆ ಏನಾದರೂ ಇರಬೇಕು, ಶ್ರುತಿ ಪೆಟ್ಟಿಗೆಯಲ್ಲಿ ಅದು ಕಡಿಮೆ. ಅದಕ್ಕೇ ಮಾಸ್ತರ್ರ ತಮ್ಮ ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಸ್ವಿಚ್ ಇಟ್ಟು, ಒಂದು ಟ್ರಾನ್ಸಿಸ್ಟರ್ ತಿರುಗಾಮುರುಗಾ ಜೋಡಿಸಿ ಅದರ ಬುಸ್ ಸದ್ದನ್ನು ಹತ್ತನೇ ಕಾರ್ಡಿಗೆ ಬೆರೆಸಿದ್ದರು. ಆ ಸ್ವಿಚ್ ಹಾಕಿದ ಮೇಲೆ "ಸಮುದ್ರ", "ಶಿರಸಿ" ಎರಡೂ ಚೊಕ್ಕ.

ಆದರೆ ಒಂದು ಅಕ್ಷರ ಹಟ ಹಿಡಿಯಿತು. ಳ. "ಬಲೆ" ಅಂದರೂ ಬಲೆ, "ಬಳೆ" ಅಂದರೂ ಬಲೆ. ಎಲ್ಲ ಕಾರ್ಡು ಸರಿ ಇವೆ, ಎಲ್ಲ ಟ್ರಿಮ್ಮರ್ ಹದದಲ್ಲಿವೆ. ನನ್ನ ನಾಲಿಗೆಯೇ ಸರಿ ಹೊರಳುತ್ತಿಲ್ಲವೇನೋ ಅಂತ ಬೇಕರಿ ಹುಡುಗನಿಂದಲೂ ಹೇಳಿಸಿದೆ. ಅದೇ ಬಲೆ.

ಮಾಸ್ತರ್ರು ಪುಷ್ಯ ಮಳೆಯಲ್ಲಿ ಬಂದರು, ಒದ್ದೆ ಕೊಡೆ ಮೂಲೆಗಿಟ್ಟು ಸ್ಟೂಲ್ ಎಳೆದು ಕೂತರು. ನಾನು ಏನೂ ಹೇಳದೆ ಮೈಕ್ ಕೈಗೆ ಕೊಟ್ಟೆ. ಅವರು ಸ್ವಲ್ಪ ಹೊತ್ತು ಸ್ಲೈಡರ್‌ಗಳನ್ನು ನೋಡಿದರು, ಏನೋ ನೆನಪು ಮಾಡಿಕೊಂಡವರ ಹಾಗೆ ಮೂರನ್ನು ಇಳಿಸಿದರು, ಎರಡನ್ನು ಏರಿಸಿದರು. ಆಮೇಲೆ ಅ ಆ ಇ ಈ ಇಂದ ಶುರು ಮಾಡಿದರು, ಶಾಲೆಯ ದನಿಯಲ್ಲೇ. ಔ ಮುಗಿಯುವ ಹೊತ್ತಿಗೆ ಅವರ ಕಣ್ಣು ತುಂಬಿತ್ತು. ನಾನು ಬೆಸುಗೆ ಸ್ಟ್ಯಾಂಡ್ ಸರಿಪಡಿಸುತ್ತಾ ಆ ಕಡೆ ತಿರುಗಿ ನಿಂತೆ.

ಹೊರಗೆ ತಗಡಿನ ಮಾಡಿನ ಮೇಲೆ ಮಳೆ ಧೋ ಅಂತಿತ್ತು. ನನಗೊಂದು ಯೋಚನೆ ಬಂತು. ಇನ್ನೊಂದು ಮೈಕ್ ಕಿಟಕಿಯ ಹೊರಗೆ, ಮಾಡಿನ ಕೆಳಗೆ ತೂಗುಹಾಕಿ ಅದನ್ನು ವಾದ್ಯದ ಜಾಕ್‌ಗೆ ಹಾಕಿದೆ. ಮಳೆಯ ಸದ್ದಿನಲ್ಲಿ ಕೆಳಗಿನಿಂದ ಮೇಲಿನ ತನಕ ಎಲ್ಲ ಕಂಪನವೂ ಇದೆ, ಯಾವ ಕಾರ್ಡಿಗೂ ಕಡಿಮೆ ಬೀಳುವುದಿಲ್ಲ. "ಈಗ ಹೇಳಿ ಮಾಸ್ತರ್ರೇ" ಅಂದೆ.

ಮಾಸ್ತರ್ರು "ಮಳೆ" ಅಂದರು.

ಮಳೆ ಪಿಸುಮಾತಿನಲ್ಲಿ "ಮಲೆ" ಅಂದಿತು.

ಮಾಸ್ತರ್ರು ತಟ್ಟನೆ ತಲೆ ಎತ್ತಿದರು. "ಅವನೂ ಇದಕ್ಕೇ ಒದ್ದಾಡ್ತಿದ್ದ ತಮಾ. ಳ ಬರೂದಿಲ್ಲ, ಳ ಬರೂದಿಲ್ಲ ಅಂತಿದ್ದ. ಮುಂದಿನ ರಜೆಗೆ ಬಂದಾಗ ಮಾಡ್ತೆ ಅಂದಿದ್ದ."

ಟಾರ್ಚ್ ತಂದು ಖಾಲಿ ಸ್ಲಾಟಿನ ಪಕ್ಕ ಬೆಳಕು ಬಿಟ್ಟೆ. ಹತ್ತಿಯಲ್ಲಿ ಆಲ್ಕೋಹಾಲ್ ಅದ್ದಿ, ಪೆನ್ಸಿಲ್ ಅಳಿಸದ ಹಾಗೆ ಕಿಲುಬನ್ನಷ್ಟೇ ಮೆಲ್ಲ ಎತ್ತಿದೆ. "3000", ಅದರ ಪಕ್ಕ "ಳ".

ಆ ತಮ್ಮ ಸರಿಯಾಗಿಯೇ ಹಿಡಿದಿದ್ದರು. ನಾಲಿಗೆ ಮೇಲಕ್ಕೆ ಮಡಚಿ ಳ ಅನ್ನುವಾಗ ಬಾಯಿಯ ಮೂರನೆಯ ಎತ್ತರ ಕೆಳಗೆ ಜಾರುತ್ತದೆ. ಲ ಅನ್ನುವಾಗ ಅದು ಮೇಲೇ ಇರುತ್ತದೆ. ನಮ್ಮ ಯಂತ್ರದಲ್ಲಿ 2400 ಆದ ಮೇಲೆ 3600ಕ್ಕೇ ಮುಂದಿನ ಕಾರ್ಡು. ಆ ಜಾರುವಿಕೆ ನಡೆಯುವುದು ಈ ಎರಡರ ನಡುವಿನ ಸಂದಿಯ ಆಚೀಚೆ, ಅಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. 3000ಕ್ಕೆ ಒಂದು ಕಾರ್ಡು ನಿಲ್ಲಿಸಿದರೆ ಲ ಬಂದಾಗ ಅದು ಏಳುತ್ತದೆ, ಳ ಬಂದಾಗ ಇಳಿಯುತ್ತದೆ. ಎಂಟನೆಯ, ಒಂಬತ್ತನೆಯ ಕಾರ್ಡುಗಳನ್ನೂ ಸ್ವಲ್ಪ ಕಿರಿದು ಮಾಡಬೇಕಾಗಬಹುದು.

ಮಾಸ್ತರ್ರು ಪೆಟ್ಟಿಗೆಯನ್ನು ನನ್ನಲ್ಲೇ ಬಿಟ್ಟು ಹೋಗಿದ್ದಾರೆ. ಒಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಿದ್ದೇನೆ. ಹೊಸ ಕಾರ್ಡಿನ ಫಿಲ್ಟರ್ ಲೆಕ್ಕ ನಿನ್ನೆ ರಾತ್ರಿ ಮುಗಿಯಿತು. 3000 ಹರ್ಟ್ಜ್, ಕ್ಯೂ (ಪಟ್ಟಿ ಎಷ್ಟು ಕಿರಿದು ಎಂಬುದರ ಅಳತೆ) 5, ಗೇನ್ 1. ಎರಡು ಕೆಪಾಸಿಟರ್ 4.7 ನ್ಯಾನೊಫ್ಯಾರಡ್, ಫೀಡ್‌ಬ್ಯಾಕ್‌ಗೆ 113 ಕೆ, ಇನ್‌ಪುಟ್‌ಗೆ 56 ಕೆ, ಗ್ರೌಂಡಿಗೆ 1.15 ಕೆ. ಕೊನೆಯದಕ್ಕೆ 1 ಕೆ ರೆಸಿಸ್ಟರ್ ಜೊತೆ ಸಾಲಿನಲ್ಲಿ 500 ಓಮ್ ಟ್ರಿಮ್ಮರ್ ಹಾಕುತ್ತೇನೆ, ಬಲೆ ಬಳೆ ಅನ್ನುತ್ತಾ ತಿರುಗಿಸಲು.